ಆರ್ಥರ್‌ನ ತಕ್ಕಡಿ

ಲಂಡನ್ನಿನಲ್ಲಿ ನೆಲೆಸಿರುವ ನಮ್ಮ ಕಡೆಯವರಿಗೆಲ್ಲ ಒಂದೊಂದು ಮರ್ಯಾದಸ್ಥ ಹವ್ಯಾಸವಿದೆ. ಸಟನ್ನಿನ ಡಾಕ್ಟರ್ ದಂಪತಿ ಕೌನ್ಸಿಲ್‌ನವರು ಕೊಟ್ಟ ಚೂರು ಜಾಗದಲ್ಲಿ ಹರಿವೆ ಸೊಪ್ಪು ಬೆಳೆಯುತ್ತಾರೆ. ಬೆಂಗಳೂರಿನಿಂದ ಬಂದ ಕಂಪ್ಯೂಟರ್ ಹುಡುಗರು ಶನಿವಾರ ಬ್ಯಾಡ್ಮಿಂಟನ್ ಆಡಿ, ಆಡಿದ್ದಕ್ಕಿಂತ ಹೆಚ್ಚು ಹೊತ್ತು ಮಂಡಿನೋವಿನ ಬಗ್ಗೆ ಮಾತಾಡುತ್ತಾರೆ. ಉಳಿದವರು ಯುಗಾದಿ ಕೂಟದ ಊಟದ ಕಮಿಟಿಯಲ್ಲಿದ್ದಾರೆ. ಅದನ್ನೂ ಹವ್ಯಾಸವೆಂದೇ ಹಿಡಿಯಬೇಕು. ಇಂಥ ಕೂಟಗಳಲ್ಲಿ ಯಾರಾದರೂ "ನೀವು ವೀಕೆಂಡಲ್ಲಿ ಏನ್ ಮಾಡ್ತೀರಿ ಸಾರ್?" ಎಂದು ಕೇಳಿದರೆ ನಾನು ಬಿಸಿಬೇಳೆಬಾತಿನ ಪಾತ್ರೆಯ ಕಡೆ ಕೈ ತೋರಿಸಿ, "ಇನ್ನೊಂದ್ ಸೌಟು ಹಾಕಿಸ್ಕೊಳ್ಳಿ, ಖಾಲಿಯಾಗ್ತಿದೆ" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಹೇಸ್‌ನ ನಮ್ಮ ಸಾಲುಮನೆಯ ಮಹಡಿಯಲ್ಲಿ, ಒಂದು ಮಂಚವೂ ಹಿಡಿಸದ ಬಾಕ್ಸ್ ರೂಮಿನಲ್ಲಿ ಕೂತು ನಾನು ಬಂದೂಕಿನ ತೋಟಾ ತುಂಬುತ್ತೇನೆ ಎಂದು ಹೇಳುವುದು ಹೇಗೆ? ಹೇಳಿದರೂ, ಆ ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬರು ಇದ್ದಾರೆಂದು ನನಗೆ ಅನುಮಾನ ಎನ್ನುವುದನ್ನು ಹೇಗೆ ಸೇರಿಸುವುದು? ಅದಕ್ಕೇ ಬಾಯಿ ಮುಚ್ಚಿಕೊಂಡು ಬಾತು ತಿನ್ನುತ್ತಿದ್ದೆ.

ಗಾಬರಿಯಾಗಬೇಡಿ. ಎಲ್ಲವೂ ಕಾನೂನಿನ ಪ್ರಕಾರವೇ ಇತ್ತು. ಪೊಲೀಸರ ಲೈಸೆನ್ಸಿತ್ತು, ಗೋಡೆಗೆ ಬೋಲ್ಟು ಹಾಕಿದ ಕಬ್ಬಿಣದ ಬೀರು ಇತ್ತು, ಅದನ್ನು ಅಲ್ಲಾಡಿಸಿ ನೋಡಲು ಬಂದ ಅಧಿಕಾರಿ ನನ್ನ ಹೆಂಡತಿ ಶಾಲಿನಿ ಮಾಡಿದ ಕೋಡುಬಳೆ ತಿಂದು, ಬೀರುವಿಗಿಂತ ಕೋಡುಬಳೆ ಗಟ್ಟಿಯೆಂದು ಹೊಗಳಿ ಹೋಗಿದ್ದ. ಈ ಹುಚ್ಚು ಹಿಡಿಸಿದವನು ಲೆನ್. ಹೀಥ್ರೋ ಪಕ್ಕದ ಕಾರ್ಗೋ ಆಫೀಸಿನಲ್ಲಿ ಅವನು ನನ್ನ ಹಿರಿಯ. ನಾನು ಈ ದೇಶಕ್ಕೆ ಹೊಸದಾಗಿ ಬಂದು, ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಾಗ ನನಗೆ ಕೆಲಸ ಕಲಿಸಿದವನು. ಸರ್ಕಾರ ಪಿಸ್ತೂಲು ನಿಷೇಧಿಸಿ ಎಲ್ಲವನ್ನೂ ವಾಪಸು ತೆಗೆದುಕೊಂಡ ಮೇಲೆ ಅವನ ಶೂಟಿಂಗ್ ಕ್ಲಬ್ಬಿನವರು ಲಿವರ್ ಆಕ್ಷನ್ ರೈಫಲಿಗೆ ಬದಲಾಗಿದ್ದರು. ಕುದುರೆ ಮೇಲೆ ಕೂತ ಟೋಪಿಯವರ ಸಿನಿಮಾಗಳಲ್ಲಿ ನೀವೂ ಅದನ್ನು ನೋಡಿರುತ್ತೀರಿ: ಕುದುರೆಯ ಕೆಳಗೆ, ಅಂದರೆ ಬಂದೂಕಿನ ಕುದುರೆಯ ಕೆಳಗೆ, ಬಳೆಯಂಥದೊಂದು ಹಿಡಿಕೆ. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮೇಲಕ್ಕೆ ಎಳೆದರೆ ಹೊಸದು ಒಳಗೆ ಹೋಗುತ್ತದೆ. ಆ ಕಟಕ್-ಕಟಕ್ ಸದ್ದಿಗೆ ನಾನು ಮರುಳಾದೆ. ಗುರಿ ಇಂದಿಗೂ ಅಷ್ಟಕ್ಕಷ್ಟೆ.

ಹಾರಿಬಿದ್ದ ಹಿತ್ತಾಳೆಯ ತೋಟಾ ನೋಡಿದರೆ ನನ್ನಂಥವನಿಗೆ ಬಿಸಾಡಲು ಮನಸ್ಸಾಗುವುದಿಲ್ಲ. ಬೋರ್ನ್‌ವಿಟಾ ಡಬ್ಬ ಬಿಸಾಡದ ಮನೆತನ ನಮ್ಮದು. ಆ ಖಾಲಿ ತೋಟಾವನ್ನು ಉಜ್ಜಿ ತೊಳೆದು, ಹಿಗ್ಗಿದ್ದನ್ನು ಹಿಡಿಕೆ ಎಳೆಯುವ ಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಬೋಳುಮೂಗಿನ ಗುಂಡು ಒತ್ತಿದರೆ ಮತ್ತೆ ಹೊಸದಾಗುತ್ತದೆ ಎಂದು ಲೆನ್ ಹೇಳಿದ. ಗುಂಡಿನ ಮೂಗು ಯಾಕೆ ಬೋಳು ಎಂದರೆ, ಈ ಬಂದೂಕಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಚೂಪು ಮೂಗಾದರೆ ಹಿಂದಿನದು ಮುಂದಿನದರ ಕೇಪಿಗೆ ಚುಚ್ಚಿ ಅಲ್ಲೇ ಢಮ್ ಎನ್ನಬಹುದು. ಇದನ್ನು ಅವನು ಚಹಾಕ್ಕೆ ಬಿಸ್ಕತ್ತು ಅದ್ದುತ್ತಾ ಹೇಳಿದ. ಮದ್ದು ಚಿಟಿಕೆ ಹೆಚ್ಚಾದರೂ ಬಂದೂಕೇ ಸಿಡಿಯಬಹುದು, ಅದು ನಾವು ಕೆನ್ನೆಗೆ ಒತ್ತಿಕೊಂಡು ಹೊಡೆಯುವ ವಸ್ತು, ನೆನಪಿರಲಿ ಎಂದ. ನಾನು ನನ್ನ ಕೆನ್ನೆ ಸವರಿಕೊಂಡೆ.

ಪ್ರೆಸ್ಸು ಮತ್ತು ತಕ್ಕಡಿ ಸಿಕ್ಕಿದ್ದು ಫೆಲ್ಥಮ್‌ನಲ್ಲಿ, ಡೊರೀನ್ ಎಂಬ ಮುದುಕಿಯ ಮನೆಯಲ್ಲಿ. ಅವಳ ಗಂಡ ಆರ್ಥರ್ ಅದೇ ಕ್ಲಬ್ಬಿನವನು, ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಸಾಮಾನು ಯಾರಿಗಾದರೂ ಬೇಕಾದರೆ ಒಯ್ಯಬಹುದು ಎಂದು ಅವಳು ಕ್ಲಬ್ಬಿಗೆ ಹೇಳಿ ಕಳಿಸಿದ್ದಳು. ಹಿತ್ತಿಲ ಶೆಡ್ಡಿನಲ್ಲಿ ಅವನ ಮೇಜು ಅವನು ಎದ್ದುಹೋದ ಹಾಗೆಯೇ ಇತ್ತು. ಕನ್ನಡಕವೂ ಅಲ್ಲೇ ಮಡಚಿಟ್ಟಿತ್ತು. ನಾನು ಪ್ರೆಸ್ಸಿನ ಬೋಲ್ಟು ಬಿಚ್ಚುವಾಗ ಡೊರೀನ್ ಬಾಗಿಲಲ್ಲಿ ನಿಂತು, "ಅವನ ಸಾಮಾನಿಗೆ ಬೇರೆಯವರು ಕೈ ಹಾಕಿದರೆ ಅವನಿಗೆ ಸರಿಬರುತ್ತಿರಲಿಲ್ಲ. ನೀನು ತಪ್ಪು ಮಾಡಿದರೆ ತೋರಿಸಿಕೊಡುತ್ತಾನೆ, ಸುಮ್ಮನಿರುವವನಲ್ಲ" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಇನ್ನೊಂದು ಮಾತು. ಲೆನ್ ಇದನ್ನು ಮುಟ್ಟಬಾರದು" ಎಂದು ಹೇಳಿ, ಯಾಕೆ ಎಂದು ಕೇಳುವಷ್ಟರಲ್ಲಿ ಒಳಗೆ ಹೋದಳು. ನಾನು ಆ ಸಾಮಾನನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಯಾಕೋ ಅದಕ್ಕೆ ಸೀಟ್ ಬೆಲ್ಟ್ ಹಾಕಿ ಮನೆಗೆ ತಂದೆ. ಲೆನ್‌ಗೆ ಮಾತ್ರ, ಎಲ್ಲೋ ಹಳೇ ಸಾಮಾನು ಸಿಕ್ಕಿತು ಎಂದಷ್ಟೇ ಹೇಳಿದೆ.

ನವೆಂಬರಿನಲ್ಲಿ ಇಲ್ಲಿ ಮಧ್ಯಾಹ್ನದ ಊಟ ಅರಗುವ ಮುಂಚೆ ಕತ್ತಲಾಗುತ್ತದೆ. ಭಾನುವಾರ ಆ ಹೊತ್ತಿಗೆ ನಾನು ಬಾಕ್ಸ್ ರೂಮಿನಲ್ಲಿ ಕೂರುತ್ತಿದ್ದೆ. ಆರ್ಥರ್‌ನ ತಕ್ಕಡಿಗೆ ಒಂದೇ ತಟ್ಟೆ, ಇನ್ನೊಂದು ಕಡೆ ಉದ್ದನೆಯ ತೋಳು, ತೋಳಿನ ತುದಿಯಲ್ಲೊಂದು ಗೆರೆ. ಮದ್ದು ಸರಿಯಾದರೆ ತೋಳು ಗೆರೆಗೆ ನೇರ ನಿಲ್ಲಬೇಕು. ನಮ್ಮ ಮನೆಯ ಮೇಲೆ ವಿಮಾನ ಹೋದಾಗಲೆಲ್ಲ ತೋಳು ನಡುಗುತ್ತಿತ್ತು, ನಾನು ವಿಮಾನ ದಾಟುವವರೆಗೆ ಕೈ ಕಟ್ಟಿ ಕೂರುತ್ತಿದ್ದೆ. ಇದು ಅರ್ಥವಾಗುವ ವಿಷಯ. ಆದರೆ ಒಂದು ಭಾನುವಾರ ದಟ್ಟ ಮಂಜು ಬಿದ್ದು ವಿಮಾನಗಳೇ ನಿಂತುಹೋದವು. ಬೀದಿಯಲ್ಲಿ ಒಂದು ಕಾರಿನ ಸದ್ದೂ ಇಲ್ಲ. ನಾನು ತಟ್ಟೆಗೆ ಇನ್ನೂ ಏನೂ ಹಾಕಿರಲಿಲ್ಲ. ನೋಡುತ್ತಿದ್ದಂತೆ ತೋಳು ಮೆಲ್ಲಗೆ ಮೇಲೆದ್ದು, ಹಾಗೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೆಳಗಿಳಿಯಿತು. ಯಾರೋ ತಟ್ಟೆಯಲ್ಲಿ ಬೆರಳಿಟ್ಟು ತೆಗೆದ ಹಾಗೆ. ನನ್ನ ಮೈ ಜುಮ್ಮೆಂದಿತು. ಜೊತೆಗೆ ಕೋಣೆಯಲ್ಲಿ ಪೈಪು ಸೇದುವವರ ತಂಬಾಕಿನ ವಾಸನೆ. ನಮ್ಮ ಮನೆಯಲ್ಲಿ ಅಗರಬತ್ತಿ ಬಿಟ್ಟು ಬೇರೇನೂ ಹೊಗೆಯಾಡುವುದಿಲ್ಲ.

ಕೆಳಗಿಳಿದು ಬಂದು ಶಾಲಿನಿಗೆ ಹೇಳಿದೆ. ಅವಳು ಮೈಸೂರಿನ ಮೇಷ್ಟರ ಮಗಳು, ದೆವ್ವವೇ ಬಂದರೂ ಮೊದಲು ಚಪ್ಪಲಿ ಬಿಟ್ಟು ಒಳಗೆ ಬಾ ಎನ್ನುವವಳು. "ಕಬ್ಬಿಣ ಬಿಸಿಯಾದ್ರೆ ಹಳೇ ವಾಸನೆ ಬಿಡುತ್ತೆ ಕಣ್ರೀ, ಪಕ್ಕದಲ್ಲೇ ಹೀಟರ್ ಇದೆಯಲ್ಲ. ತಕ್ಕಡಿ ಅಲ್ಲಾಡಿದ್ದು ನಿಮ್ಮ ಉಸಿರಿಗೆ. ಆನೆ ಥರ ಉಸಿರಾಡ್ತೀರಾ" ಎಂದಳು. ಸರಿ, ಪ್ರೆಸ್ಸಿನ ಹಿಡಿಕೆಯ ವಿಷಯ? ನಾನು ಪ್ರತಿಸಲ ಮೇಲಕ್ಕೆತ್ತಿಟ್ಟು ಬರುತ್ತೇನೆ, ಮರುದಿನ ಆಫೀಸಿನಿಂದ ಬಂದು ನೋಡಿದರೆ ಕೆಳಗಿರುತ್ತದೆ. ನಾನಿಲ್ಲದಾಗ ಯಾರೋ ಕೆಲಸ ಮಾಡಿದ್ದಾರೆ. ಶಾಲಿನಿ ಸ್ವಲ್ಪವೂ ನಾಚಿಕೊಳ್ಳದೆ, "ಅದಾ? ಒದ್ದೆ ಟವಲ್ ನೇತುಹಾಕ್ತೀನಿ ಅದಕ್ಕೆ. ಒಳ್ಳೇ ಗೂಟ" ಎಂದಳು. ಹೀಗೆ ನನ್ನ ಭಯಕ್ಕೆಲ್ಲ ಅವಳು ಒಂದೊಂದು ಕಾರಣ ಕೊಟ್ಟು ಕೈ ಒರೆಸಿಕೊಳ್ಳುತ್ತಿದ್ದಳು. ಕೊನೆಗೆ, "ನಿಮ್ಮ ಆರ್ಥರ್‌ಗೂ ಒಂದ್ ಲೋಟ ಕಾಫಿ ಇಡ್ಲಾ?" ಎಂದು ಕೇಳತೊಡಗಿದಳು. ನಾನು ಬೇಡ ಎನ್ನುವ ಮೊದಲು ಒಂದು ಕ್ಷಣ ಯೋಚಿಸುತ್ತಿದ್ದೆ ಎನ್ನುವುದು ಅವಳಿಗೆ ಗೊತ್ತಿಲ್ಲ.

ಆದರೆ ಅವಳ ಬಳಿಯೂ ಕಾರಣವಿಲ್ಲದ ಒಂದು ಸಂಗತಿ ನಡೆಯಿತು. ಲೆನ್ ನಿವೃತ್ತನಾದ ಮೇಲೆ ತನ್ನ ಬಂದೂಕು ಮಾರಿದ್ದ. ಕ್ಲಬ್ಬಿಗೆ ಬಂದಾಗ ನನ್ನದರಲ್ಲೇ ಸರದಿಯ ಮೇಲೆ ಹೊಡೆಯುತ್ತಿದ್ದ. ನನಗೆ ಕೆಲಸ ಕಲಿಸಿದವನಿಗೆ ನನ್ನ ಕೈಯಾರೆ ತೋಟಾ ತುಂಬಿಕೊಡುವುದೆಂದರೆ ನನಗೂ ಹೆಮ್ಮೆ. ಅವನ ಪಾಲಿನವನ್ನು ಒಂದು ಕೆಂಪು ಡಬ್ಬಿಯಲ್ಲಿ ಬೇರೆಯೇ ಇಡುತ್ತಿದ್ದೆ, ನನ್ನವು ನೀಲಿ ಡಬ್ಬಿಯಲ್ಲಿ. ಮೊದಲ ದಿನ ನನ್ನ ಸರದಿ ಸುಸೂತ್ರ ಮುಗಿಯಿತು. ಲೆನ್ ಬಂದೂಕನ್ನು ಕೆನ್ನೆಗಿಟ್ಟು ಹೊಡೆದ. ಸದ್ದೇ ಬೇರೆ. ಅವನ ಭುಜ ಹಿಂದಕ್ಕೆ ಹೋಯಿತು. ಎರಡನೆಯದಕ್ಕೆ ಹಿಡಿಕೆ ಬಿಗಿದುಕೊಂಡಿತು, ಅವನು ಮಂಡಿ ಕೊಟ್ಟು ತೆರೆದ. ಖಾಲಿ ತೋಟಾ ಹೆಕ್ಕಿ ಕಣ್ಣಿನ ಹತ್ತಿರ ಹಿಡಿದು ನೋಡಿದ. ಬುಡದ ಕೇಪು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿತ್ತು. "ಇದು ಮದ್ದು ಹೆಚ್ಚಾದ ಲಕ್ಷಣ. ಮನೆಗೆ ಹೋಗಿ ಎಲ್ಲವನ್ನೂ ಬಿಚ್ಚಿ ತೂಗಿ ನೋಡು" ಎಂದು ಬಂದೂಕು ಕೆಳಗಿಟ್ಟ. ಅವನ ಮುಖದ ಮೇಲೆ ಬೆವರಿತ್ತು.

ಮನೆಗೆ ಬಂದು ಬಿಚ್ಚಿದೆ. ಗುಂಡು ಕಳಚಲು ಸುತ್ತಿಗೆಯಂಥದೊಂದು ಉಪಕರಣವಿದೆ, ತೋಟಾ ಅದರೊಳಗಿಟ್ಟು ಬಡಿದರೆ ಗುಂಡೂ ಮದ್ದೂ ಬೇರೆಯಾಗುತ್ತವೆ. ನೀಲಿ ಡಬ್ಬಿಯಲ್ಲಿ ಉಳಿದಿದ್ದ ನನ್ನ ತೋಟಾಗಳಲ್ಲಿ ಮದ್ದು ಪುಸ್ತಕದಲ್ಲಿ ಹೇಳಿದಷ್ಟೇ. ಕೆಂಪು ಡಬ್ಬಿಯ ಒಂದೊಂದರಲ್ಲೂ ಹೆಚ್ಚು. ಅದೇ ಮದ್ದು, ಅದೇ ತಕ್ಕಡಿ, ಅದೇ ಕುರ್ಚಿಯಲ್ಲಿ ಕೂತ ಅದೇ ನಾನು. ತಪ್ಪಿರಬೇಕೆಂದು ಎರಡೂ ಪಾಲನ್ನು ಹೊಸದಾಗಿ ತುಂಬಿ, ಮತ್ತೆ ಬಿಚ್ಚಿ ತೂಗಿದೆ. ನನ್ನವು ಸರಿ, ಲೆನ್‌ನವು ಹೆಚ್ಚು. ಮುಂದಿನ ವಾರ ಉಪಾಯ ಮಾಡಿ ಲೆನ್‌ನ ಪಾಲನ್ನು ಮೊದಲು ತುಂಬಿದೆ, ನನ್ನದನ್ನು ಆಮೇಲೆ. ಆಗಲೂ ಹಾಗೇ. ಡಬ್ಬಿಗಳನ್ನೇ ಅದಲು ಬದಲು ಮಾಡಿ ಅವನದನ್ನು ನೀಲಿಯಲ್ಲಿಟ್ಟೆ. ಡಬ್ಬಿ ಬದಲಾದರೂ ಆ ಮದ್ದಿಗೆ ವಿಳಾಸ ಗೊತ್ತಿತ್ತು! ಯಾವುದು ಲೆನ್‌ನ ಕೆನ್ನೆಯ ಪಕ್ಕ ಸಿಡಿಯಬೇಕೋ ಅದಕ್ಕೇ ಹೋಗಿ ಸೇರುತ್ತಿತ್ತು. ಶಾಲಿನಿಯನ್ನು ಕೇಳಿದೆ. ಅವಳು ಈ ಸಲ ನಗಲಿಲ್ಲ. "ಗೊತ್ತಿಲ್ಲಪ್ಪ" ಎಂದು ಟವಲ್ ತೆಗೆದುಕೊಂಡು ಹೋದಳು. ಆ ಕೋಣೆಯ ಬಾಗಿಲಿಗೆ ನಾನು ಹೊರಗಿನಿಂದ ಚಿಲಕ ಹಾಕಿದೆ. ಒಳಗಿರುವವರಿಗೆ ಚಿಲಕ ಅಡ್ಡಿಯಲ್ಲ ಎಂದು ಮೆಟ್ಟಿಲಿಳಿಯುವಾಗ ಹೊಳೆದು, ಉಳಿದ ಮೆಟ್ಟಿಲುಗಳನ್ನು ಬೇಗ ಇಳಿದೆ.

ಇನ್ನು ಮುಚ್ಚಿಡುವುದು ಸರಿಯಲ್ಲವೆನಿಸಿ ಲೆನ್‌ನನ್ನು ಕ್ಲಬ್ಬಿನ ಚಹಾ ಕೋಣೆಯಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಪ್ರೆಸ್ಸು, ತಕ್ಕಡಿ ಆರ್ಥರ್‌ನದು ಎಂದದ್ದೇ ತಡ, ಅವನ ಮುಖ ಬಿಳುಚಿಕೊಂಡಿತು. ಮೊದಲೇ ಬಿಳಿಯ ಮುಖ, ಅದರಲ್ಲೂ ಗೊತ್ತಾಯಿತು. ಚಹಾ ಪಕ್ಕಕ್ಕೆ ಸರಿಸಿ ಹೇಳಿದ: "ಆರ್ಥರ್ ಮದ್ದು ಹೆಚ್ಚು ತುಂಬುತ್ತಾನೆ, ಅವನಿಂದ ಅಪಾಯ ಎಂದು ನಾನು ಕಮಿಟಿಗೆ ಹೇಳಿದ್ದೆ. ನಾನು ಕಣ್ಣಾರೆ ನೋಡಿದ್ದಲ್ಲ, ಯಾರೋ ಆಡಿದ ಮಾತು. ಗುಂಡು ಹೊಡೆಯುವ ರೇಂಜಿನ ಉಸ್ತುವಾರಿ ಅವನಿಂದ ಕಿತ್ತುಕೊಂಡರು. ಆರ್ಥರ್ ಆಣೆ ಮಾಡಿ ಹೇಳಿದ, ಒಂದು ಕಾಳೂ ಹೆಚ್ಚು ಹಾಕಿಲ್ಲ ಎಂದು. ಆಮೇಲೆ ಸಾಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅವನ ಅಂತ್ಯಕ್ರಿಯೆಗೆ ಹೋಗುವ ಧೈರ್ಯ ನನಗಾಗಲಿಲ್ಲ." ಹೊರಗೆ ಯಾರೋ ಹೊಡೆದ ಗುಂಡಿನ ಸದ್ದಿಗೆ ಇಬ್ಬರೂ ಬೆಚ್ಚಿದೆವು. "ಈಗ ನನ್ನ ತೋಟಾಕ್ಕೆ ಅವನೇ ಹೆಚ್ಚು ಹಾಕುತ್ತಿದ್ದಾನೆ. ಹೇಗಿರುತ್ತದೆ ನೋಡು ಎಂದು" ಎಂದ ಲೆನ್. ತಮಾಷೆಗೆ ಹೇಳಿದನೇನೋ ಎಂದು ನೋಡಿದೆ. ಅವನು ಅರ್ಧ ಚಹಾ ಹಾಗೇ ಬಿಟ್ಟು ಎದ್ದು ಕೋಟು ಹಾಕಿಕೊಂಡ.

ಮರುವಾರ ಅವನು ಕ್ಲಬ್ಬಿಗೆ ಬರಲಿಲ್ಲ. ನನಗೋ ಬಾಕ್ಸ್ ರೂಮಿಗೆ ಒಬ್ಬನೇ ಹೋಗಲು ಕಾಲೇ ಬರಲೊಲ್ಲದು. ಶಾಲಿನಿಯ ಹಿಂದೆ ಬಿದ್ದೆ. "ನೀನು ಸುಮ್ನೆ ಕೂತಿರು ಸಾಕು. ನನ್ನ ಹಿಂದೆ ಯಾರಾದ್ರೂ ನಿಂತ್ರೆ ಹೇಳು." ಅವಳು ಬುಟ್ಟಿ ತುಂಬ ಬೀನ್ಸ್ ತಂದು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ನಾರು ಬಿಡಿಸತೊಡಗಿದಳು. ನಾನು ಮೊದಲು ನನ್ನ ಪಾಲು ತುಂಬಿದೆ. ಏನೂ ಆಗಲಿಲ್ಲ. ಹೊರಗೆ ಕತ್ತಲಿಳಿಯಿತು. ಲೆನ್‌ನ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಂಡೆ. ಪುಟ್ಟ ಚಮಚದಿಂದ ತಟ್ಟೆಗೆ ಮದ್ದು ಉದುರಿಸಿದೆ, ತೋಳು ಗೆರೆಗೆ ನೇರ ನಿಂತಿತು, ತಟ್ಟೆ ಎತ್ತಿ ತೋಟಾಕ್ಕೆ ಸುರಿದೆ. ಹಿಂದೆ ಬೀನ್ಸ್ ಮುರಿಯುವ ಸದ್ದು ನಿಂತುಬಿಟ್ಟಿತು. ನನ್ನ ಕತ್ತಿನ ಕೂದಲು ನೆಟ್ಟಗಾಯಿತು. "ಯಾರು?" ಎಂದೆ, ತಿರುಗದೆ.

"ಯಾರೂ ಇಲ್ಲ. ಅದೇನ್ರೀ ಕೊನೇಲಿ ಹಾಕಿದ್ದು?"

"ಏನ್ ಹಾಕ್ದೆ?"

"ತಕ್ಕಡಿ ಸರಿಯಾಯ್ತಲ್ಲ, ಆಮೇಲೆ ತಟ್ಟೆ ಎತ್ತಿ ಇನ್ನೊಂದ್ ಚಿಟಿಕೆ ಹಾಕಿದ್ರಲ್ಲ ಚಮಚದಲ್ಲಿ."

ಇಲ್ಲವೆಂದೆ. ಹಾಕಿದಿರಿ ಎಂದಳು. ನಾನು ಸ್ವಲ್ಪ ಜೋರಾಗಿಯೇ ಇಲ್ಲವೆಂದೆ. "ಹಾಗಾದ್ರೆ ಇನ್ನೊಂದು ಮಾಡಿ, ಕೈ ನೋಡ್ಕೊಂಡು ಮಾಡಿ" ಎಂದಳು. ಲೆನ್‌ಗೆ ಎಂದುಕೊಂಡು ಮತ್ತೊಂದು ತೂಗಿದೆ. ತೋಳು ನೇರ ನಿಂತಿತು. ಎಡಗೈ ತಟ್ಟೆ ಎತ್ತಿತು. ಆಗ ನನ್ನ ಬಲಗೈ, ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದಂತೆಯೇ, ಬಟ್ಟಲಿಗೆ ಹೋಗಿ ಚಮಚದ ತುದಿಯಲ್ಲಿ ಚೂರು ಮದ್ದು ತೆಗೆದು ತಟ್ಟೆಯ ಮೇಲೆ ಉದುರಿಸಿ, ಏನೂ ನಡೆದೇ ಇಲ್ಲವೆಂಬ ಹಾಗೆ ಮೇಜಿನ ಮೇಲೆ ಒರಗಿತು. ನಾನು ಅದಕ್ಕೆ ಹೇಳಿರಲಿಲ್ಲ. ನನ್ನನ್ನು ಅದು ಕೇಳಿರಲೂ ಇಲ್ಲ.

ಕುಂದಾಪುರದಲ್ಲಿ ನಮ್ಮ ಅಪ್ಪಯ್ಯನಿಗೆ ದಿನಸಿ ಅಂಗಡಿಯಿತ್ತು. ಶಾಲೆ ಬಿಟ್ಟು ಬಂದ ಮೇಲೆ ತಕ್ಕಡಿಯ ಮುಂದೆ ನಾನು. ತೂಕ ಸರಿಯಾಗುವುದು ಅಪ್ಪಯ್ಯನ ಲೆಕ್ಕದಲ್ಲಿ ಅರ್ಧ ಕೆಲಸ ಮಾತ್ರ. ಮುಳ್ಳು ನೆಟ್ಟಗೆ ನಿಂತ ಮೇಲೆ ಜೀರಿಗೆಯಾದರೆ ಒಂದು ಚಿಟಿಕೆ, ಅಕ್ಕಿಯಾದರೆ ಒಂದು ಹಿಡಿ, ಕೊಸರು ಹಾಕಿಯೇ ಪೊಟ್ಟಣ ಕಟ್ಟಬೇಕು. ಬೋಳು ತೂಕ ಕೊಟ್ಟರೆ ಗಿರಾಕಿಗೆ ಅವಮಾನ, ಅಂಗಡಿಗೆ ದರಿದ್ರ. ನಾನು ಮರೆತರೆ ಅವರು ಗಿರಾಕಿಯ ಎದುರು ಬೈಯುತ್ತಿರಲಿಲ್ಲ, ಹಿಂದಿನಿಂದ ಬಂದು ನನ್ನ ಮೊಣಕೈಗೆ ಹಗುರವಾಗಿ ತಟ್ಟಿ "ಕೊಸರ್ ಹಾಕ್ ಮಾಣಿ" ಎನ್ನುತ್ತಿದ್ದರು. ನಮ್ಮ ಮನೆಗೆ ಒಯ್ಯುವ ಸಾಮಾನಿಗೆ ಮಾತ್ರ ಕೊಸರಿಲ್ಲ. ತನಗೆ ತಾನೇ ಕೊಸರು ಹಾಕಿಕೊಳ್ಳುವುದು ಕಳ್ಳತನ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ, ಅಪ್ಪಯ್ಯ ಹೋಗಿಯೂ ಅಷ್ಟೇ. ನಾನು ಲಂಡನ್ನಿನಲ್ಲಿ ಯಾರಿಗೂ ಏನನ್ನೂ ತೂಗಿ ಕೊಟ್ಟವನಲ್ಲ, ಲೆನ್‌ಗೆ ತುಂಬುವವರೆಗೆ. ನನ್ನ ಸ್ನೇಹಿತನ ಮುಖಕ್ಕೆ ನಾನು ವಾರವಾರವೂ ಪ್ರೀತಿಯಿಂದ ಕೊಸರು ಹಾಕುತ್ತಿದ್ದೆ. ಇದನ್ನು ಶಾಲಿನಿಗೆ ಹೇಳಿ ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಆ ಚಿಕ್ಕ ಕೋಣೆಯಲ್ಲಿ ಸತ್ತವರೊಬ್ಬರು ನನ್ನ ಹಿಂದೆ ನಿಲ್ಲುತ್ತಿದ್ದುದು ನಿಜ, ಫೆಲ್ಥಮ್‌ನವರು ಎಂದುಕೊಂಡದ್ದಷ್ಟೇ ತಪ್ಪು. ಇನ್ನೊಂದು ತೋಟಾ ತೂಗಿ ಈ ಸಲ ಕೈಯನ್ನು ಬಲವಂತವಾಗಿ ತಡೆದು ಹಿಡಿದೆ. ಮೊಣಕೈಗೆ ಹಗುರವಾಗಿ ತಟ್ಟಿದಂತಾಯಿತು. ತಿರುಗಿ ನೋಡಿದೆ, ಶಾಲಿನಿ ಸ್ಟೂಲಿನ ಮೇಲೇ ಇದ್ದಳು.

ಮೊದಲು ಲೆನ್‌ಗೆ ನಿಜ ಹೇಳಬೇಕೆಂದು ಕೆಳಗೆ ಓಡಿ ಫೋನು ಮಾಡಿದೆ. ಅವನ ಮನೆಯಲ್ಲಿ ಯಾರೂ ಎತ್ತಲಿಲ್ಲ. ಏನೋ ಅನುಮಾನವಾಗಿ ಡೊರೀನ್‌ಗೆ ಮಾಡಿದೆ. "ಅವನು ಇಲ್ಲೇ ಇದ್ದಾನೆ" ಎಂದಳು. ಅವಳ ಧ್ವನಿ ಅತ್ತು ಮುಗಿಸಿದವರದಾಗಿತ್ತು. "ಬಾಗಿಲಲ್ಲಿ ನಿಂತು, ಆರ್ಥರ್ ನನ್ನನ್ನು ಕಳಿಸಿದ್ದಾನೆ ಎಂದ. ನನ್ನ ಗಂಡ ಹೆಚ್ಚು ಹಾಕುತ್ತಿರಲಿಲ್ಲ ಎಂದು ಅವನ ಬಾಯಿಂದ ಕೇಳಲು ಎಷ್ಟು ವರ್ಷದಿಂದ ಕಾದಿದ್ದೆ ಗೊತ್ತೇ? ಕಮಿಟಿಗೂ ಹೋಗಿ ಹಾಗೆಂದು ಹೇಳುತ್ತಾನಂತೆ. ಈಗ ನನ್ನ ಗೇಟು ರಿಪೇರಿ ಮಾಡುತ್ತಿದ್ದಾನೆ, ಕತ್ತಲಲ್ಲಿ ಬೇಡವೆಂದರೂ ಕೇಳುತ್ತಿಲ್ಲ. ಅವನಿಗೇನಾದರೂ ಹೇಳಬೇಕಿತ್ತೇ?" ಫೋನಿನಲ್ಲಿ ದೂರದಿಂದ ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. ಗಂಟಲಿನವರೆಗೆ ಬಂದ ಅಂಗಡಿ, ಜೀರಿಗೆ, ಕೊಸರು ಎಲ್ಲವನ್ನೂ ನುಂಗಿಕೊಂಡೆ. "ಏನಿಲ್ಲ, ಮುಂದಿನ ಭಾನುವಾರ ಬರಲು ಹೇಳಿ. ತಕ್ಕಡಿ ಸರಿಯಾಗಿದೆ" ಎಂದೆ.

ಬಂದ. ಹೊಡೆದ. ಸದ್ದು ಸರಿಯಿತ್ತು, ಹಿಡಿಕೆ ಬೆಣ್ಣೆಯ ಹಾಗೆ ತೆರೆಯಿತು, ಕೇಪು ಗುಂಡಗೇ ಇತ್ತು. "ನೋಡಿದೆಯಾ, ಆರ್ಥರ್ ಕೋಪ ಬಿಟ್ಟ" ಎಂದು ಲೆನ್ ಕಣ್ಣೊರೆಸಿಕೊಂಡ. ನಾನು ಆರ್ಥರ್‌ನ ಪರವಾಗಿ ತಲೆಯಾಡಿಸಿದೆ. ಈ ಗುಟ್ಟು ಶಾಲಿನಿಗೆ ಬಿಟ್ಟರೆ ಈಗ ನಿಮಗೆ ಮಾತ್ರ ಗೊತ್ತು. ಕೈ ಮಾತ್ರ ಇನ್ನೂ ಬುದ್ಧಿ ಕಲಿತಿಲ್ಲ, ಹಾಗಾಗಿ ಲೆನ್‌ನ ಪಾಲು ತುಂಬುವಾಗ ನಾನು ಪ್ರತಿ ತೋಟಾಕ್ಕೂ "ಇದು ನನಗೆ, ಇದೂ ನನಗೆ" ಎಂದು ಕೋಣೆಗೆ ಕೇಳಿಸುವ ಹಾಗೆ ಹೇಳುತ್ತೇನೆ. ಆಗ ಮೊಣಕೈಯ ಹತ್ತಿರ ನಿಂತವರು ಒಂದು ಹೆಜ್ಜೆ ಹಿಂದೆ ಸರಿದದ್ದು ತಿಳಿಯುತ್ತದೆ. ಜೀವಮಾನವಿಡೀ ಊರಿಗೆಲ್ಲ ಕೊಸರು ಹಾಕಿದ ಮನುಷ್ಯನಿಗೆ, ತನ್ನ ಮಗ ಸ್ನೇಹಿತನಿಗೆ ಒಂದನ್ನೂ ಕೊಡದೆ ಎಲ್ಲವನ್ನೂ ತನಗೇ ತುಂಬಿಕೊಳ್ಳುವ ಜಿಪುಣನಾದನಲ್ಲ ಎಂದು ಬೇಜಾರಾಗುತ್ತಿರಬೇಕು. ಆಗಲಿ. ಲೆನ್‌ನ ಮುಖ ಇದ್ದಲ್ಲೇ ಇದೆ.